ಬಿದ್ದರೂ ಒಡೆಯದ ಬಗೆ

ಚಿಕ್ಕೋಡಿ ತಾಲ್ಲೂಕಿನ ಕರೋಶಿಯ ಸುತ್ತಣ ಸೀಮೆಯಲ್ಲಿ ಕಬ್ಬಿನ ಬೆಳೆ ವಿಪುಲ. ಕಟಾವಾದ ಹೊಲದ ಒಣ ರವದಿಯ ರಾಶಿಯ ಮೇಲೆ ಒಂದು ಮೀಟರ್ ಎತ್ತರದಿಂದ ಕೋಳಿಮೊಟ್ಟೆಯೊಂದನ್ನು ಬಿಟ್ಟರೆ ಅದು ಪ್ರಾಯಶಃ ಒಡೆಯದು. ಅದೇ ಎತ್ತರದಿಂದ ಕಲ್ಲುಚಪ್ಪಡಿಯ ಮೇಲೆ ಬಿಟ್ಟರೆ ಉಳಿಯದು. ಈ ಭೇದಕ್ಕೆ ಕಾರಣವೇನು?

ಬೀಳುವ ವೇಗವು ಕಾರಣವಲ್ಲ. ಎರಡು ಸಂದರ್ಭಗಳಲ್ಲಿಯೂ ಮೊಟ್ಟೆಯ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. ಆ ವೇಗವು ಎಷ್ಟು ದೂರದಲ್ಲಿ ಶೂನ್ಯವಾಗುತ್ತದೆ ಎಂಬುದರಲ್ಲಿಯೇ ಭೇದವಿದೆ. ಬೀಳುವಾಗ ಗಳಿಸಿದ ಚಲನಶಕ್ತಿಯನ್ನು ತಡೆಯುವ ಬಲವು ಕಳೆಯಬೇಕು. ಬಲ ಮತ್ತು ದೂರಗಳ ಗುಣಲಬ್ಧವೇ ಕೆಲಸವಾದುದರಿಂದ, ದೂರ ಹೆಚ್ಚಿದಂತೆ ಬಲ ತಗ್ಗುತ್ತದೆ. ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ, ಸರಾಸರಿ ಬಲವು ವಸ್ತುವಿನ ತೂಕದ ಸುಮಾರು ಎಷ್ಟು ಮಡಿ ಎಂಬುದು ದೊರೆಯುತ್ತದೆ.

ಮೊಟ್ಟೆಯ ತೂಕ 50 ಗ್ರಾಂ ಎಂದು ಭಾವಿಸೋಣ. ಕಲ್ಲಿನ ಮೇಲೆ ಅದು 1 ಮಿಲಿಮೀಟರಿನಲ್ಲಿ ನಿಂತರೆ ಬಲವು ತೂಕದ 1000 ಮಡಿ. ಎಂದರೆ 50 ಕಿಲೋಗ್ರಾಂ ಭಾರಕ್ಕೆ ಸಮ. ರವದಿಯಲ್ಲಿ 5 ಸೆಂಟಿಮೀಟರ್ ಇಳಿದು ನಿಂತರೆ 20 ಮಡಿ. ಎಂದರೆ 1 ಕಿಲೋಗ್ರಾಂ ಭಾರ ಮಾತ್ರ. ಅದೂ ಒಂದೇ ಬಿಂದುವಿನಲ್ಲಿರದೆ ಚಿಪ್ಪಿನ ಮೇಲೆಲ್ಲ ಹಂಚಿಹೋಗುತ್ತದೆ.

ಆದರೆ ಯಾವ ಹಾಸಾದರೂ ಸಾಲದು. ಬಿಗಿಯಾಗಿ ತುಂಬಿದ ಹಾಸು ಕುಗ್ಗದೆ ಕಲ್ಲಿನಂತೆಯೇ ವರ್ತಿಸುತ್ತದೆ. ತೀರ ಸಡಿಲವಾದುದನ್ನು ವಸ್ತು ತೂರಿಕೊಂಡು ತಳವನ್ನು ಮುಟ್ಟುತ್ತದೆ. ಸ್ಪ್ರಿಂಗಿನಂತಹುದು ಶಕ್ತಿಯನ್ನು ಹಿಂದಿರುಗಿಸಿ ವಸ್ತುವನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಕುಗ್ಗಿ, ನಜ್ಜಾಗಿ, ಮರಳಿ ಏಳದ ಹಾಸೇ ಉತ್ತಮ.

ಈ ನಿಯಮವು ಚಂದ್ರನ ಮೇಲೂ ಸಲ್ಲುತ್ತದೆ. ಅಲ್ಲಿ ಗಾಳಿಯಿಲ್ಲದುದರಿಂದ ಪ್ಯಾರಾಚೂಟು ನಿರುಪಯುಕ್ತ. ಭಾರತದ ವಿಕ್ರಮ್ ನೌಕೆಯು ಎಂಜಿನುಗಳಿಂದ ವೇಗವನ್ನು ತಗ್ಗಿಸಿಕೊಂಡು, ಉಳಿದ ಆಘಾತವನ್ನು ಕಾಲುಗಳಲ್ಲಿದ್ದ ಜೇನುಗೂಡಿನ ರಚನೆಯ ಅಲ್ಯೂಮಿನಿಯಂ ನಜ್ಜಾಗಿ ಹೀರುವಂತೆ ನಿರ್ಮಿತವಾಗಿತ್ತು. 2019ರ ಸೆಪ್ಟೆಂಬರ್ 7ರಂದು ವೇಗವು ಸಾಕಷ್ಟು ತಗ್ಗದೆ ನೌಕೆ ನೆಲಕ್ಕೆ ಅಪ್ಪಳಿಸಿತು. ಚಂದ್ರಯಾನ-3ಕ್ಕೆ ಕಾಲುಗಳನ್ನು ಬಲಪಡಿಸಿ, ಅವು ತಾಳಬಲ್ಲ ವೇಗವನ್ನು ಸೆಕೆಂಡಿಗೆ 2 ಮೀಟರಿನಿಂದ 3 ಮೀಟರಿಗೆ ಏರಿಸಿದರು. ಇದು ಅಲ್ಪವೆಂದು ತೋರಬಹುದು. ಆದರೆ ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ಕಾಲುಗಳು ಹೀರಬೇಕಾದ ಶಕ್ತಿ 2.25 ಮಡಿಯಾಯಿತು. 2023ರ ಆಗಸ್ಟ್ 23ರಂದು, ಬೆಂಗಳೂರಿನ ಕೇಂದ್ರದಲ್ಲಿ ವಿಜ್ಞಾನಿಗಳು ಕಾದು ಕುಳಿತಿರಲು, ನೌಕೆ ಸುರಕ್ಷಿತವಾಗಿ ಇಳಿಯಿತು.

ನಮ್ಮ ತಲೆಬುರುಡೆಯನ್ನು ಕಾಯುವ ಹೆಲ್ಮೆಟ್ಟಿನ ಒಳಪದರವೂ ಹೀಗೆಯೇ ನಜ್ಜಾಗಿ ತಲೆಗೆ ನಿಲ್ಲುವ ದೂರವನ್ನು ಒದಗಿಸುತ್ತದೆ. ಆದುದರಿಂದಲೇ, ಬಲವಾದ ಪೆಟ್ಟನ್ನು ಒಮ್ಮೆ ತಾಳಿದ ಹೆಲ್ಮೆಟ್ಟು ಹೊರಗೆ ನೆಟ್ಟಗೆ ಕಂಡರೂ ಅದನ್ನು ಮತ್ತೆ ಧರಿಸಬಾರದು. ಕುಗ್ಗಬೇಕಾದ ದೂರವನ್ನು ಅದು ಆಗಲೇ ವ್ಯಯಮಾಡಿರುತ್ತದೆ.