ಆದ್ಯಮಾದರಿಯ ಬೆಲೆ: ದ್ವಿತೀಯ ಮಹಾಯುದ್ಧಕಾಲದ ಬ್ರಿಟಿಷ್ ಯುದ್ಧವಿಮಾನಗಳ ವಿಕಾಸ

ಯಾವುದೇ ಯಂತ್ರವು ಸಹಸ್ರ ಸಂಖ್ಯೆಯಲ್ಲಿ ನಿರ್ಮಾಣಗೊಳ್ಳುವುದಕ್ಕೆ ಮುನ್ನ ಅದರ ಒಂದೆರಡು ಪ್ರತಿಗಳನ್ನು ಸಿದ್ಧಪಡಿಸಿ ಪರೀಕ್ಷಿಸುವುದು ರೂಢಿ. ಇದಕ್ಕೆ ಪ್ರೋಟೋಟೈಪ್ ಎಂದು ಹೆಸರು; ಕನ್ನಡದಲ್ಲಿ ಆದ್ಯಮಾದರಿ ಎನ್ನಬಹುದು. ಗ್ರಂಥಕರ್ತನಿಗೆ ಕರಡುಪ್ರತಿ ಹೇಗೋ ಯಂತ್ರಶಿಲ್ಪಿಗೆ ಇದು ಹಾಗೆ. ಆದರೆ ಒಂದು ಭೇದವುಂಟು. ಕರಡಿನ ದೋಷವನ್ನು ಒಂದು ಗೀಟೆಳೆದು ತಿದ್ದಬಹುದು. ವಿಮಾನದ ಆದ್ಯಮಾದರಿಯಲ್ಲಿ ದೋಷವಿದ್ದರೆ ಅದನ್ನು ಹಾರಿಸುವವನು ಪ್ರಾಣವನ್ನೇ ತೆರಬೇಕಾದೀತು. ಬ್ರಿಟನ್ನಿನ ಪಿಸ್ಟನ್ ಎಂಜಿನಿನ ಯುದ್ಧವಿಮಾನಗಳ ಚರಿತ್ರೆಯು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಆ ಕಾಲದಲ್ಲಿ ಬ್ರಿಟಿಷ್ ವಾಯುಖಾತೆಯು ತನಗೆ ಬೇಕಾದ ವಿಮಾನದ ವೇಗ, ಶಸ್ತ್ರಬಲ ಮುಂತಾದ ಲಕ್ಷಣಗಳನ್ನು ನಿರ್ದೇಶಪತ್ರವೊಂದರಲ್ಲಿ ಪ್ರಕಟಿಸುತ್ತಿತ್ತು. ಕಾರ್ಖಾನೆಗಳು ಅದಕ್ಕನುಗುಣವಾಗಿ ಆದ್ಯಮಾದರಿಗಳನ್ನು ರಚಿಸುತ್ತಿದ್ದವು. ಸೂಪರ್‌ಮರೀನ್ ಸಂಸ್ಥೆಯ ಶಿಲ್ಪಿ ಆರ್. ಜೆ. ಮಿಚೆಲ್ ಹೀಗೆ ರಚಿಸಿದ ‘ಟೈಪ್ 224’ ಎಂಬ ವಿಮಾನವು 1934ರಲ್ಲಿ ಹಾರಿತು. ನೀರಿನ ಆವಿಯನ್ನು ರೆಕ್ಕೆಗಳಲ್ಲಿ ತಣಿಸಿ ಎಂಜಿನ್ನನ್ನು ತಂಪಾಗಿರಿಸುವ ಅದರ ಏರ್ಪಾಡು ಫಲಿಸಲಿಲ್ಲ. ಗಂಟೆಗೆ ಸುಮಾರು 367 ಕಿಲೋಮೀಟರು ವೇಗವನ್ನಷ್ಟೇ ಮುಟ್ಟಿದ ಆ ವಿಮಾನವು ತಿರಸ್ಕೃತವಾಯಿತು. ಮಿಚೆಲ್ ಎದೆಗುಂದಲಿಲ್ಲ. ತೆಳುವಾದ ರೆಕ್ಕೆ, ಒಳಕ್ಕೆ ಮಡಚಿಕೊಳ್ಳುವ ಗಾಲಿ ಹಾಗೂ ರೋಲ್ಸ್-ರಾಯ್ಸ್ ಸಂಸ್ಥೆಯ ಮರ್ಲಿನ್ ಎಂಜಿನ್ನನ್ನು ಅಳವಡಿಸಿ ಅವರು ರಚಿಸಿದ ಹೊಸ ಆದ್ಯಮಾದರಿಯು 1936ರ ಮಾರ್ಚ್ 5ರಂದು ಸೌತಾಂಪ್ಟನ್ ಬಳಿಯ ಈಸ್ಟ್‌ಲೀಯಿಂದ ಮೇಲೇರಿತು. ಪರೀಕ್ಷೆಯಲ್ಲಿ ಅದರ ವೇಗ ಗಂಟೆಗೆ ಸುಮಾರು 560 ಕಿಲೋಮೀಟರನ್ನು ಮುಟ್ಟಿತು. ಇದೇ ವಿಶ್ವವಿಖ್ಯಾತ ಸ್ಪಿಟ್‌ಫೈರ್. ಅರ್ಬುದರೋಗಕ್ಕೆ ತುತ್ತಾದ ಮಿಚೆಲ್ ತಮ್ಮ ಕೃತಿಯ ವಿಜಯವನ್ನು ಕಾಣದೆ 1937ರ ಜೂನ್ 11ರಂದು, 42ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಆದ್ಯಮಾದರಿಯೂ ಯುದ್ಧ ಘೋಷಣೆಯಾದ ಮರುದಿನವೇ, 1939ರ ಸೆಪ್ಟೆಂಬರ್ 4ರಂದು, ಫಾರ್ನ್‌ಬರೋದಲ್ಲಿ ಇಳಿಯುವಾಗ ಭಗ್ನವಾಗಿ ತನ್ನ ಚಾಲಕನನ್ನು ಬಲಿತೆಗೆದುಕೊಂಡಿತು.

ಇದಕ್ಕೂ ಮುಂಚೆ, 1935ರ ನವೆಂಬರ್ 6ರಂದು, ಹಾಕರ್ ಸಂಸ್ಥೆಯ ಸಿಡ್ನಿ ಕ್ಯಾಮ್ ರಚಿಸಿದ ಹರಿಕೇನಿನ ಆದ್ಯಮಾದರಿಯು ಬ್ರೂಕ್‌ಲ್ಯಾಂಡ್ಸಿನಲ್ಲಿ ಹಾರಿತ್ತು. ಲೋಹದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಹಳೆಯ ಪದ್ಧತಿಯನ್ನು ಬಹುಮಟ್ಟಿಗೆ ಉಳಿಸಿಕೊಂಡ ಈ ವಿಮಾನವನ್ನು ಕಟ್ಟುವುದೂ ದುರಸ್ತಿಗೊಳಿಸುವುದೂ ಸುಲಭವಾಗಿತ್ತು. 1940ರ ಬ್ರಿಟನ್ ರಕ್ಷಣೆಯ ಆಕಾಶಯುದ್ಧದಲ್ಲಿ ಕೀರ್ತಿ ಸ್ಪಿಟ್‌ಫೈರಿನ ಪಾಲಾದರೂ ಹೆಚ್ಚಿನ ಭಾರವನ್ನು ಹೊತ್ತದ್ದು ಹರಿಕೇನ್.

ಕ್ಯಾಮ್ ಅಷ್ಟಕ್ಕೆ ತೃಪ್ತರಾಗದೆ ಇನ್ನೂ ಬಲಿಷ್ಠವಾದ ವಿಮಾನಕ್ಕೆ ಕೈಹಾಕಿದರು. 24 ಸಿಲಿಂಡರುಗಳ ನೇಪಿಯರ್ ಸೇಬರ್ ಎಂಜಿನ್ನುಳ್ಳ ಟೈಫೂನ್ 1940ರ ಫೆಬ್ರವರಿ 24ರಂದು ಮೊದಲು ಹಾರಿತು. ಅದೇ ಮೇ 9ರಂದು ಹಾರಾಟದ ನಡುವೆ ಚಾಲಕನ ಆಸನದ ಹಿಂದೆ ವಿಮಾನದ ಒಡಲೇ ಬಿರುಕುಬಿಟ್ಟಿತು. ಪರೀಕ್ಷಾ ಚಾಲಕ ಫಿಲಿಪ್ ಲ್ಯೂಕಾಸ್ ಹಾರುಕೊಡೆಯ ಮೂಲಕ ಜಿಗಿದು ಪಾರಾಗಬಹುದಿತ್ತು. ಹಾಗೆ ಮಾಡಿದ್ದರೆ ದೋಷದ ಸಾಕ್ಷ್ಯವು ನುಚ್ಚುನೂರಾಗುತ್ತಿತ್ತು. ಅವರು ವಿಮಾನವನ್ನು ಜೋಪಾನವಾಗಿ ನೆಲಕ್ಕಿಳಿಸಿ ಜಾರ್ಜ್ ಪದಕಕ್ಕೆ ಪಾತ್ರರಾದರು. ಆದರೂ ಕಂಟಕ ಕಳೆಯಲಿಲ್ಲ. ಸೇನೆಗೆ ಸೇರಿದ ಟೈಫೂನುಗಳಲ್ಲಿ ಕೆಲವು ಬಾಲವು ಕಳಚಿ ಉರುಳಿದವು. 1942ರ ಆಗಸ್ಟಿನಲ್ಲಿ ಪರೀಕ್ಷಾ ಚಾಲಕ ಕೆನೆತ್ ಸೆತ್-ಸ್ಮಿತ್ ಹೀಗೆಯೇ ಮಡಿದರು. ಅವಶೇಷಗಳ ಪರೀಕ್ಷೆಯಿಂದ, ಬಾಲದ ಚಲಿಸುವ ಹಲಗೆಯ ಸಮತೂಕವನ್ನು ಹಿಡಿದಿದ್ದ ಸಣ್ಣ ಲೋಹದ ತುಂಡೊಂದು ಮುರಿದು, ಅದರಿಂದ ಹುಟ್ಟಿದ ಕಂಪನವೇ ಅನಾಹುತಕ್ಕೆ ಕಾರಣವೆಂದು ತಿಳಿದುಬಂದಿತು. ಟೈಫೂನಿನ ದಪ್ಪ ರೆಕ್ಕೆಯ ಬದಲು ತೆಳುರೆಕ್ಕೆಯನ್ನಿಟ್ಟು ರಚಿಸಿದ ಟೆಂಪೆಸ್ಟ್ 1942ರ ಸೆಪ್ಟೆಂಬರ್ 2ರಂದು ಹಾರಿತು. ಅದರ ಎರಡನೆಯ ರೂಪವು ಮುಂದೆ ಭಾರತೀಯ ವಾಯುಸೇನೆಗೂ ಬಂದು, 1947–48ರ ಕಾಶ್ಮೀರ ಕಾರ್ಯಾಚರಣೆಯಲ್ಲಿ ಸೇವೆ ಸಲ್ಲಿಸಿತು.

ಇನ್ನು ಈ ಚರಿತ್ರೆಯ ಅತ್ಯಂತ ಮನನೀಯವಾದ ಭಾಗವನ್ನು ನೋಡೋಣ. ಐರ್ಲೆಂಡಿನಲ್ಲಿ ಜನಿಸಿದ ಜೇಮ್ಸ್ ಮಾರ್ಟಿನ್, ತಮ್ಮ ಮಿತ್ರ ಹಾಗೂ ಚಾಲಕ ವ್ಯಾಲೆಂಟೈನ್ ಬೇಕರರೊಡನೆ 1934ರಲ್ಲಿ ಮಾರ್ಟಿನ್-ಬೇಕರ್ ವಿಮಾನ ಸಂಸ್ಥೆಯನ್ನು ಸ್ಥಾಪಿಸಿದರು. ಆರು ಫಿರಂಗಿಗಳನ್ನು ಹೊತ್ತ ಅವರ ‘ಎಂ.ಬಿ. 3’ ವಿಮಾನವು 1942ರ ಆಗಸ್ಟ್ 31ರಂದು ಮೊದಲು ಹಾರಿತು. ಕೇವಲ ಹನ್ನೆರಡು ದಿನಗಳ ತರುವಾಯ, ನೆಲಬಿಟ್ಟು ಏರುತ್ತಿರುವಾಗಲೇ ಎಂಜಿನ್ ಸ್ತಬ್ಧವಾಯಿತು. ಹೊಲವೊಂದರಲ್ಲಿ ಇಳಿಸಲು ಯತ್ನಿಸಿದ ಬೇಕರ್ ಅಸುನೀಗಿದರು.

ಮಿತ್ರಶೋಕದಲ್ಲಿಯೇ ಮಾರ್ಟಿನ್ ಕಾರ್ಯವನ್ನು ಮುಂದುವರಿಸಿದರು. ಒಂದರ ಹಿಂದೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡು ಪ್ರೊಪೆಲ್ಲರುಗಳೂ ಗ್ರಿಫನ್ ಎಂಜಿನ್ನೂ ಉಳ್ಳ ‘ಎಂ.ಬಿ. 5’ 1944ರ ಮೇ 23ರಂದು ಹಾರಿತು. ಗಂಟೆಗೆ 740 ಕಿಲೋಮೀಟರಿನಷ್ಟು ವೇಗ, ಚಾಲಕನ ಅನುಕೂಲಕ್ಕೊಪ್ಪುವ ಆಸನ, ಬಿಚ್ಚಿ ದುರಸ್ತಿಮಾಡಲು ಸುಲಭವಾದ ರಚನೆ ಇವುಗಳಿಂದ ಪರೀಕ್ಷಕರ ಪ್ರಶಂಸೆಗೆ ಪಾತ್ರವಾದರೂ ಅದು ಒಂದೇ ಪ್ರತಿಯಲ್ಲಿ ನಿಂತಿತು. ಅದೇ ವರ್ಷದ ಜುಲೈಯಲ್ಲಿ ಮೀಟಿಯರ್ ಎಂಬ ಜೆಟ್ ವಿಮಾನವು ಸೇನೆಗೆ ಸೇರಿ, ಪಿಸ್ಟನ್ ಯುಗವು ಅಸ್ತಾಚಲದತ್ತ ಸಾಗಿತ್ತು.

ಹಾಗಾದರೆ ಮಾರ್ಟಿನ್‌ರ ಶ್ರಮ ವ್ಯರ್ಥವಾಯಿತೆ? ಇಲ್ಲ. ಅವರು ತಮ್ಮ ಬುದ್ಧಿಯನ್ನು ಚಾಲಕನ ಪ್ರಾಣರಕ್ಷಣೆಯ ಕಡೆಗೆ ತಿರುಗಿಸಿದರು. ಆಪತ್ತಿನಲ್ಲಿ ಚಾಲಕನನ್ನು ಆಸನಸಹಿತ ಹೊರಕ್ಕೆ ಚಿಮ್ಮಿಸುವ ಸಾಧನವನ್ನು ರಚಿಸಿದರು. 1946ರ ಜುಲೈ 24ರಂದು ಬರ್ನಾರ್ಡ್ ಲಿಂಚ್ ಹಾರುತ್ತಿರುವ ಮೀಟಿಯರಿನಿಂದ ಅದನ್ನು ಸ್ವತಃ ಪ್ರಯೋಗಿಸಿ ಸುರಕ್ಷಿತವಾಗಿ ಇಳಿದರು. ಈ ಸಂಸ್ಥೆಯ ಆಸನಗಳಿಂದ ಇಂದಿಗೆ ಏಳು ಸಾವಿರಕ್ಕೂ ಮಿಕ್ಕ ವಿಮಾನಿಕರು ಬದುಕುಳಿದಿದ್ದಾರೆ. ನಮ್ಮ ಬೆಂಗಳೂರಿನಲ್ಲಿ ನಿರ್ಮಾಣವಾಗುವ ತೇಜಸ್ ವಿಮಾನದ ಚಾಲಕನೂ ಮಾರ್ಟಿನ್-ಬೇಕರ್ ಆಸನದಲ್ಲಿಯೇ ಕುಳಿತಿರುತ್ತಾನೆ.

ತಿರಸ್ಕೃತವಾದ 224 ಇಲ್ಲದೆ ಸ್ಪಿಟ್‌ಫೈರ್ ಇಲ್ಲ. ಟೈಫೂನಿನ ದೋಷವನ್ನರಿಯದೆ ಟೆಂಪೆಸ್ಟ್ ಇಲ್ಲ. ಪರೀಕ್ಷೆಯಲ್ಲಿ ಸೋತ ವಿದ್ಯಾರ್ಥಿಯ ಉತ್ತರಪತ್ರಿಕೆಯನ್ನು ಕೈಗೆತ್ತಿಕೊಳ್ಳುವ ಉಪಾಧ್ಯಾಯರು ಈ ಶಿಲ್ಪಿಗಳ ಕ್ರಮವನ್ನು ನೆನೆಯುವುದು ಉಚಿತ. ಅಂಕ ಎಷ್ಟೆಂಬುದಕ್ಕಿಂತ, ಯಾವ ಸಣ್ಣ ತುಂಡು ಎಲ್ಲಿ ಮುರಿಯಿತೆಂದು ಹುಡುಕುವುದೇ ಮುಂದಿನ ಹಾರಾಟಕ್ಕೆ ದಾರಿ.