ಪುಷ್ಕರಣಿಯ ನೀರು, ಬೆರಳಿನ ಸುಕ್ಕು: ಅನುಲೇಪಕ ಅಂಗಾಂಶದ ಪಾಠದಲ್ಲಿ ನಾನು ಕಲಿತದ್ದು

ಅಭ್ಯಾಸ ಬೋಧನೆಯ ಅವಧಿಯಲ್ಲಿ ಮಹಾಕೂಟದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ‘ಅಂಗಾಂಶಗಳು’ ಘಟಕವನ್ನು ಬೋಧಿಸಿದೆ. ಅನುಲೇಪಕ ಅಂಗಾಂಶದ ರಚನೆಗೂ ಕಾರ್ಯಕ್ಕೂ ಇರುವ ಸಂಬಂಧವನ್ನು ವಿದ್ಯಾರ್ಥಿಗಳು ವಿವರಿಸುವುದು ಪಾಠದ ಉದ್ದೇಶ. ಮೊದಲ ದಿನ ನಾನು ಕೊಟ್ಟ ಒಂದು ಉತ್ತರ ತಪ್ಪಾಗಿತ್ತು. ಅದನ್ನು ತಿದ್ದಿದ ಬಗೆಯೇ ಈ ಲೇಖನದ ವಿಷಯ.

ಮೊದಲ ಅವಧಿ

ಪೀಠಿಕೆಗೆ ಮಕ್ಕಳಿಗೆ ಪರಿಚಿತವಾದ ವಿಷ್ಣು ಪುಷ್ಕರಣಿಯನ್ನೇ ಆರಿಸಿಕೊಂಡೆ. ಮಹಾಕೂಟದ ದೇವಾಲಯಗಳ ನಡುವೆ ಇರುವ, ಸಹಜ ಚಿಲುಮೆಯಿಂದ ತುಂಬುವ ಈ ಹೊಂಡದಲ್ಲಿ ಈಜದ ಮಕ್ಕಳು ಕಡಿಮೆ. “ಒಂದು ತಾಸು ನೀರಿನಲ್ಲಿದ್ದರೂ ನೀರು ದೇಹದೊಳಗೆ ನುಗ್ಗುವುದಿಲ್ಲ, ಏಕೆ?” ಎಂದು ಕೇಳಿದೆ. “ಚರ್ಮ ಐತಲ್ರೀ” ಎಂದರು. ಅಲ್ಲಿಂದ ಪಾಠ ಸರಾಗವಾಗಿ ಸಾಗಿತು.

ಅನುಲೇಪಕ ಅಂಗಾಂಶ ದೇಹದ ಹೊರಮೈಯನ್ನೂ ಒಳಗಿನ ಕುಹರ, ನಾಳಗಳ ಒಳಮೈಯನ್ನೂ ಹೊದ್ದಿರುತ್ತದೆ. ಇದರ ಜೀವಕೋಶಗಳು ಒತ್ತೊತ್ತಾಗಿ ಜೋಡಣೆಯಾಗಿವೆ, ನಡುವೆ ಜಾಗ ಬಹಳ ಕಡಿಮೆ. ಅವು ತೆಳುವಾದ ಆಧಾರ ಪೊರೆಯ ಮೇಲೆ ನಿಂತಿರುತ್ತವೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಒಂದೇ ಪದರದ ಚಪ್ಪಟೆ ಕೋಶಗಳಿವೆ, ಅನಿಲಗಳು ಸುಲಭವಾಗಿ ಹಾಯುತ್ತವೆ. ಮೂತ್ರಪಿಂಡದ ನಳಿಕೆಗಳಲ್ಲಿ ಘನಾಕಾರದ ಕೋಶಗಳು, ಕರುಳಿನ ಒಳಮೈಯಲ್ಲಿ ಹೀರಿಕೊಳ್ಳುವ ಸ್ತಂಭಾಕಾರದ ಕೋಶಗಳು. ಶ್ವಾಸನಾಳದ ಕೋಶಗಳ ಲೋಮಾಂಗಗಳು ಧೂಳು ಹಿಡಿದ ಲೋಳೆಯನ್ನು ಮೇಲಕ್ಕೆ ತಳ್ಳುತ್ತವೆ. ಚರ್ಮದಲ್ಲಿ ಚಪ್ಪಟೆ ಕೋಶಗಳು ಹಲವು ಪದರಗಳಾಗಿವೆ. ಮೇಲಿನವು ಸತ್ತು, ಕೆರಾಟಿನ್ ತುಂಬಿಕೊಂಡು, ಉದುರುತ್ತವೆ. ಕೆಳಗಿನವು ವಿಭಜನೆಯಾಗಿ ಜಾಗ ತುಂಬುತ್ತವೆ. ಈ ಹೊರಚರ್ಮದ ದಪ್ಪ ಕಣ್ಣರೆಪ್ಪೆಯ ಮೇಲೆ ಸುಮಾರು 0.05 ಮಿ.ಮೀ., ಅಂಗಾಲಿನಲ್ಲಿ ಸುಮಾರು 1.5 ಮಿ.ಮೀ. ಸವೆತ ಹೆಚ್ಚಿರುವಲ್ಲಿ ಪದರವೂ ಹೆಚ್ಚು.

ಆಗ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು: “ಟೀಚರ್, ನೀರು ಒಳಗ ಹೋಗಂಗಿಲ್ಲ ಅಂದ್ರಿ. ಮತ್ತ ಹೊಂಡದಾಗ ಭಾಳ ಹೊತ್ತು ಈಜಿದ್ರ ಬೆರಳು ಯಾಕ ಸುಕ್ಕಾಗ್ತಾವ್ರಿ?”

“ಚರ್ಮ ನೀರು ಹೀರಿ ಉಬ್ಬುತ್ತದೆ” ಎಂದುಬಿಟ್ಟೆ. ಅವಳು ಕುಳಿತಳು, ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ಹತ್ತು ನಿಮಿಷದ ಹಿಂದೆ ಹೇಳಿದ್ದಕ್ಕೆ ನಾನೇ ವಿರುದ್ಧವಾಗಿ ಮಾತಾಡಿದ್ದೆ. ಅವಲೋಕಿಸುತ್ತಿದ್ದ ಮಾರ್ಗದರ್ಶಕ ಶಿಕ್ಷಕರು ನನ್ನ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.”

ಎರಡನೆಯ ಅವಧಿ

ಆ ರಾತ್ರಿ ಓದಿದಾಗ ತಪ್ಪು ತಿಳಿಯಿತು. ಸತ್ತ ಹೊರಪದರ ಸ್ವಲ್ಪ ನೀರು ಹೀರುವುದು ನಿಜ. ಆದರೆ ಸುಕ್ಕಿಗೆ ಮುಖ್ಯ ಕಾರಣ ಅದಲ್ಲ. ಬೆರಳು ಬಹಳ ಹೊತ್ತು ನೆನೆದಾಗ ನರಗಳ ಸೂಚನೆಯಿಂದ ಒಳಗಿನ ಸೂಕ್ಷ್ಮ ರಕ್ತನಾಳಗಳು ಸಂಕುಚಿತವಾಗುತ್ತವೆ. ತುದಿಬೆರಳಿನ ಒಳಗಿನ ಗಾತ್ರ ಕುಗ್ಗುತ್ತದೆ, ಮೇಲಿನ ಚರ್ಮ ಮಡಿಕೆ ಬೀಳುತ್ತದೆ. ನರಕ್ಕೆ ಪೆಟ್ಟಾದವರ ಬೆರಳು ಹೀಗೆ ಸುಕ್ಕಾಗುವುದಿಲ್ಲವೆಂದು ವೈದ್ಯರು 1930ರ ದಶಕದಲ್ಲೇ ಗುರುತಿಸಿದ್ದರು.

ಮರುದಿನ ತರಗತಿಯಲ್ಲಿ “ನಿನ್ನೆ ನಾನು ಹೇಳಿದ್ದು ತಪ್ಪು” ಎಂದೇ ಆರಂಭಿಸಿದೆ. ಬೋಗುಣಿಯಲ್ಲಿ ಬೆಚ್ಚಗಿನ ನೀರಿಟ್ಟು, ಇಬ್ಬರು ಮಕ್ಕಳು ಕೈಯನ್ನು ಮಣಿಕಟ್ಟಿನವರೆಗೆ ಮುಳುಗಿಸಿ ಕೂರಲು ಹೇಳಿದೆ. ಸ್ವಲ್ಪ ಹೊತ್ತಿಗೆ ಬೆರಳತುದಿಗಳು ಸುಕ್ಕಾದವು, ಮುಂಗೈ ಹಾಗೆಯೇ ಇತ್ತು. ಇಷ್ಟರಿಂದಲೇ ಕಾರಣ ಸಿದ್ಧವಾಗದು, ಆದ್ದರಿಂದ ನರದ ವಿಷಯವನ್ನೂ ಹೇಳಿದೆ. ನಂತರ ಕೇಳಿದೆ: “ಮುಳ್ಳು ಸವರಿ ಬಿಳಿ ಗೀರು ಮಾತ್ರ ಬಿದ್ದರೆ ರಕ್ತ ಬರುತ್ತದೆಯೇ?” ಇಲ್ಲ ಎಂದರು. “ಆಳವಾಗಿ ಚುಚ್ಚಿದರೆ?” ಬರುತ್ತದೆ. ಅನುಲೇಪಕದಲ್ಲಿ ರಕ್ತನಾಳಗಳಿಲ್ಲ, ಅವು ಆಧಾರ ಪೊರೆಯ ಕೆಳಗಿನ ಅಂಗಾಂಶದಲ್ಲಿವೆ ಎಂಬುದನ್ನು ಮಕ್ಕಳೇ ಹೇಳಿದರು. ಪೋಷಕಾಂಶಗಳು ಕೆಳಗಿನಿಂದ ವಿಸರಣೆಯ ಮೂಲಕ ಬರುತ್ತವೆ ಎಂದು ನಾನು ಸೇರಿಸಿದೆ. ನನ್ನ ಪಾಠಯೋಜನೆಯಲ್ಲಿ ಈ ಅಂಶ ಒಂದೇ ಸಾಲಾಗಿತ್ತು.

ಮೌಲ್ಯಮಾಪನ

‘ವಿಧಗಳನ್ನು ಹೆಸರಿಸಿ’ ಎಂಬುದನ್ನು ಬಿಟ್ಟು, “ಗಾಳಿಗೂಡುಗಳಿಗೆ ಅಂಗಾಲಿನ ಹೊರಚರ್ಮದಂತಹ ಹೊದಿಕೆ ಇದ್ದಿದ್ದರೆ?” ಎಂದು ಕೇಳಿದೆ. “ಉಸಿರು ಕಟ್ತಿತ್ರೀ, ಗಾಳಿ ರಕ್ತಕ್ಕ ಮುಟ್ತಿರಲಿಲ್ಲ” ಎಂದಳು ಅದೇ ಹುಡುಗಿ. ಪಾಠದ ಉದ್ದೇಶ ಆ ಉತ್ತರದಲ್ಲಿತ್ತು.

ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ಉತ್ತರ ಗೊತ್ತಿಲ್ಲದಾಗ “ನಾಳೆ ನೋಡಿಕೊಂಡು ಬರುತ್ತೇನೆ” ಎಂದರೆ ಅಂಕ ಕಡಿಮೆಯಾದೀತೆಂಬ ಭಯ ನನಗಿತ್ತು. ಆ ಭಯದಲ್ಲಿ ಕೊಟ್ಟ ಉತ್ತರ ನಲವತ್ತು ಮಕ್ಕಳ ನೋಟ್‌ಬುಕ್ಕಿಗೆ ಹೋಗಿತ್ತು. ಎರಡನೆಯ ದಿನ ಅವರೆಲ್ಲರೂ ಅದನ್ನು ಹೊಡೆದುಹಾಕಿ, ಕೆಳಗೆ ಸರಿಯಾದ ಉತ್ತರ ಬರೆದುಕೊಂಡರು.