ಅಡಿಗೆಮನೆಯ ಮೂರು ಫೇಸುಗಳು

ಉಡುಪಿಯ ಹೋಟೆಲುಗಳಲ್ಲಿ ಬೆಳಗಿನ ಇಡ್ಲಿ ದೋಸೆಗಳ ಹಿಟ್ಟು ಹಿಂದಿನ ದಿನವೇ ಸಿದ್ಧವಾಗಿರಬೇಕು. ಕೈಯಿಂದ ತಿರುಗಿಸುತ್ತಿದ್ದ ಅರೆಯುವ ಕಲ್ಲಿನ ಸ್ಥಾನದಲ್ಲಿ ಈಗ ವಿದ್ಯುತ್ ಗ್ರೈಂಡರು ಬಂದಿದೆ. ಮಣಿಪಾಲದ ವಿದ್ಯಾರ್ಥಿನಿಲಯಗಳಲ್ಲಿಯೂ ಕಾರ್ಕಳದ ಕಲ್ಯಾಣಮಂಟಪಗಳಲ್ಲಿಯೂ ಇಂಥ ಯಂತ್ರಗಳನ್ನು ಕಾಣಬಹುದು. ಇವುಗಳಲ್ಲಿ ದೊಡ್ಡವು ಮೂರು ಫೇಸಿನ ವಿದ್ಯುತ್ತಿನಿಂದ ನಡೆಯತಕ್ಕವು. ಗ್ರೈಂಡರು ತಿರುಗದೆ ಗುಂಯ್‌ಗುಟ್ಟುತ್ತ ನಿಂತರೆ ನಾವು ಯಂತ್ರವನ್ನೇ ದೂರುತ್ತೇವೆ. ಆದರೆ ಎಷ್ಟೋ ವೇಳೆ ದೋಷವಿರುವುದು ಅದಕ್ಕೆ ಬರುವ ವಿದ್ಯುತ್ತಿನಲ್ಲಿ. ಅದನ್ನು ಕಂಡುಹಿಡಿಯುವ ಬಗೆಯನ್ನು ನೋಡೋಣ.

ಮೂರು ಫೇಸಿನ ಪೂರೈಕೆಯಲ್ಲಿ ಮೂರು ಫೇಸ್ ತಂತಿಗಳೂ ಒಂದು ನ್ಯೂಟ್ರಲ್ ತಂತಿಯೂ ಇರುತ್ತವೆ. ಪ್ರತಿಯೊಂದು ಫೇಸಿಗೂ ನ್ಯೂಟ್ರಲಿಗೂ ನಡುವಣ ಒತ್ತಡ ಸುಮಾರು 230 ವೋಲ್ಟು. ಹಾಗಾದರೆ ಎರಡು ಫೇಸುಗಳ ನಡುವೆ 460 ವೋಲ್ಟು ಇರಬೇಕಲ್ಲವೆ? ಇಲ್ಲ. ಮೂರು ಒತ್ತಡಗಳೂ ಒಂದೇ ಕ್ಷಣದಲ್ಲಿ ಶಿಖರವನ್ನು ಮುಟ್ಟುವುದಿಲ್ಲ. ಒಂದಕ್ಕಿಂತ ಒಂದು 120 ಡಿಗ್ರಿಗಳಷ್ಟು ಹಿಂದೆ ಇರುತ್ತದೆ. ಆದುದರಿಂದ 230ನ್ನು 3ರ ವರ್ಗಮೂಲವಾದ 1.732ರಿಂದ ಗುಣಿಸಬೇಕು. ಬರುವುದು ಸುಮಾರು 400 ವೋಲ್ಟು. ಹಳೆಯ ಯಂತ್ರಗಳ ಫಲಕದಲ್ಲಿ ಕಾಣುವ 415, ಹಿಂದಿನ 240 ವೋಲ್ಟಿನ ಮಾನಕ್ಕೆ ಹೊಂದಿದ ಸಂಖ್ಯೆ.

ಕಾಪು ತಾಲೂಕಿನ ಎಲ್ಲೂರಿನಲ್ಲಿ 1200 ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವಿದೆ. ಸ್ಥಾವರ ಹತ್ತಿರವಿದ್ದ ಮಾತ್ರಕ್ಕೆ ಅಡಿಗೆಮನೆಯ ಒತ್ತಡ ಸರಿಯಾಗಿರುತ್ತದೆಂದು ತಿಳಿಯಬಾರದು. ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ಬರುವ ತಂತಿ ಉದ್ದವೂ ತೆಳುವೂ ಆಗಿದ್ದರೆ ಒತ್ತಡ ದಾರಿಯಲ್ಲಿಯೇ ಕುಸಿಯುತ್ತದೆ. ಹೀಟರಿನ ಶಾಖ ಒತ್ತಡದ ವರ್ಗಕ್ಕೆ ಅನುಪಾತವಾಗಿರುವುದರಿಂದ 400 ವೋಲ್ಟಿನಲ್ಲಿ 9 ಕಿಲೋವಾಟ್ ಕೊಡುವ ಬಾಯ್ಲರು 360 ವೋಲ್ಟಿನಲ್ಲಿ ಕೇವಲ 7.3 ಕಿಲೋವಾಟ್ ಕೊಡುತ್ತದೆ. ಇಲ್ಲಿ ನಷ್ಟ ಸಮಯ ಮಾತ್ರ. ಮೋಟಾರಿನ ಪಾಡು ಬೇರೆ. ಅದರ ತಿರುಗುಬಲವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಅದೇ ಕೆಲಸವನ್ನು ಮಾಡಲು ಅದು ಹೆಚ್ಚು ಪ್ರವಾಹವನ್ನೆಳೆದು ಕಾದು ಸುಡುತ್ತದೆ.

ಪರೀಕ್ಷೆಗೆ ಆರು ಅಳತೆಗಳು ಬೇಕು: ಫೇಸು ಫೇಸುಗಳ ನಡುವೆ ಮೂರು, ಫೇಸಿಗೂ ನ್ಯೂಟ್ರಲಿಗೂ ಮೂರು. ಮೊದಲ ಮೂರು 400, 404, 384 ಎಂದು ಬಂದವೆನ್ನೋಣ. ಸರಾಸರಿ 396, ಅತಿ ದೊಡ್ಡ ವ್ಯತ್ಯಾಸ 12, ಅಸಮತೆ ಶೇಕಡಾ 3. ಇದು ಶೇಕಡಾ 1ರೊಳಗಿದ್ದರೆ ಮೇಲು, 5ನ್ನು ಮೀರಿದರೆ ಮೋಟಾರನ್ನು ನಡೆಸಬಾರದು. ನ್ಯೂಟ್ರಲ್ ಕಡಿದಿದ್ದರೆ ಮೊದಲ ಮೂರು ಅಳತೆಗಳು ಸರಿಯಾಗಿಯೇ ಇದ್ದು, ಉಳಿದ ಮೂರು ಏರುಪೇರಾಗುತ್ತವೆ. ಆಗ ಗ್ರೈಂಡರು ನಡೆಯುತ್ತಿರುವಾಗಲೇ ದೀಪಗಳೂ ಶೀತಕಪೆಟ್ಟಿಗೆಯೂ ಸುಟ್ಟುಹೋಗಬಹುದು.

ಅಳತೆಗಳನ್ನು ಯಂತ್ರಗಳು ನಿಂತಿರುವಾಗ ಒಮ್ಮೆ, ಎಲ್ಲವೂ ನಡೆಯುತ್ತಿರುವಾಗ ಇನ್ನೊಮ್ಮೆ ತೆಗೆದುಕೊಳ್ಳಬೇಕು. ಎರಡನೆಯ ಸಲ ಒತ್ತಡ ಬಹಳ ಕುಸಿದರೆ ತಂತಿ ತೆಳುವಾಗಿದೆ, ಇಲ್ಲವೆ ಬೆಸುಗೆ ಸಡಿಲವಾಗಿದೆ. ಮೊದಲನೆಯ ಸಲದ ಅಳತೆಗೂ ಒಂದು ಕಾರಣವುಂಟು. ಮಳೆಗಾಲದಲ್ಲಿ ಕೊಂಬೆ ಬಿದ್ದು ಒಂದು ಫೇಸು ಕಡಿಯಿತೆನ್ನೋಣ. ನಿಂತ ಮೋಟಾರು ಹೊರಡದು. ತಿರುಗುತ್ತಿದ್ದ ಮೋಟಾರಾದರೋ ಉಳಿದ ಫೇಸುಗಳಿಂದಲೇ ತಿರುಗುತ್ತ, ಕಡಿದ ಫೇಸಿನಲ್ಲಿ ತಾನೇ ಒತ್ತಡವನ್ನುಂಟುಮಾಡುತ್ತದೆ. ಮಾಪಕ ಎಲ್ಲವೂ ಸರಿಯೆಂದು ತೋರಿಸುತ್ತದೆ, ಒಳಗೆ ಸುರುಳಿ ಸುಡುತ್ತಿರುತ್ತದೆ.

ಒಂದು ಎಚ್ಚರಿಕೆ. ಒದ್ದೆ ನೆಲದ ಅಡಿಗೆಮನೆಯಲ್ಲಿ 400 ವೋಲ್ಟು ಪ್ರಾಣಾಂತಿಕ. ಅಳೆಯುವ ಕೆಲಸವನ್ನು ಪರವಾನಿಗೆಯುಳ್ಳ ಕೆಲಸಗಾರನೇ ಮಾಡಲಿ. ಆ ಆರು ಸಂಖ್ಯೆಗಳನ್ನು ಬರೆದುಕೊಂಡು ಅವುಗಳ ಅರ್ಥವನ್ನು ಬಿಡಿಸುವುದು ವಿದ್ಯಾರ್ಥಿಗಳ ಪಾಲಿಗಿರಲಿ.